ಎಎನ್‌ಎಂ, ಜಿಎನ್‌ಎಂ, ಬಿಎಸ್ಸಿ: ಕೊಡಗಿನಿಂದ ನರ್ಸಿಂಗ್‌ಗೆ ಹೊರಟವರು ಸೇರುವ ಮುಂಚೆ ನೋಡಬೇಕಾದ್ದು

ಪಿಯುಸಿ ಫಲಿತಾಂಶ ಬಂದ ವಾರವೇ ಕೊಡಗಿನ ಮನೆಗಳಿಗೆ ಫೋನ್ ಶುರುವಾಗುತ್ತದೆ. 'ಮಗಳಿಗೆ ಮಂಗಳೂರಲ್ಲಿ ನರ್ಸಿಂಗ್ ಸೀಟಿದೆ, ಎರಡೇ ಉಳಿದಿರೋದು, ಇವತ್ತೇ ಅಡ್ವಾನ್ಸ್ ಹಾಕಿ.' ಯಾವ ಕೋರ್ಸು ಅಂತ ಆ ಕಡೆಯವರು ಬಿಡಿಸಿ ಹೇಳುವುದಿಲ್ಲ. ಈ ಕಡೆಯವರೂ ಕೇಳುವುದಿಲ್ಲ. ನರ್ಸಿಂಗ್ ಅಂದ್ರೆ ನರ್ಸಿಂಗ್ ಅಲ್ವಾ ಅಂದುಕೊಂಡು ಹಣ ಕಟ್ಟಿಬಿಡುತ್ತಾರೆ.

ಆದರೆ ಎರಡು ವರ್ಷದ ಓದಿಗೂ ನಾಲ್ಕು ವರ್ಷದ ಓದಿಗೂ ಕೆಲಸ ಬೇರೆ, ಪರವಾನಗಿ ಬೇರೆ, ಮುಂದಿನ ದಾರಿಯೂ ಬೇರೆ. ಸೇರಿದ ಮೇಲೆ ಬದಲಾಯಿಸಿಕೊಳ್ಳುವುದು ಕಷ್ಟ. ಹಾಗಾಗಿ ಅಡ್ವಾನ್ಸ್ ಕಟ್ಟುವ ಮೊದಲು ಈ ಕೆಳಗಿನವನ್ನು ಒಂದೊಂದಾಗಿ ನೋಡಿಕೊಂಡು ಬನ್ನಿ.

ಹೆಜ್ಜೆ 1: ಯಾವ ಕೋರ್ಸು ಏನು ಅಂತ ತಿಳಿಯಿರಿ

ಎಎನ್‌ಎಂ ಎರಡು ವರ್ಷದ್ದು. ಇದು ಹೆಣ್ಣುಮಕ್ಕಳಿಗೆ ಮಾತ್ರ. ಪಿಯುಸಿಯಲ್ಲಿ ಆರ್ಟ್ಸ್ ಇದ್ದರೂ ನಡೆಯುತ್ತದೆ. ಮುಗಿಸಿದವರು ನರ್ಸಿಂಗ್ ಕೌನ್ಸಿಲ್‌ನಲ್ಲಿ ಆಕ್ಸಿಲರಿ ನರ್ಸ್ ಮಿಡ್‌ವೈಫ್ ಎಂದು ನೋಂದಣಿ ಮಾಡಿಸುತ್ತಾರೆ. ಊರಿನ ಉಪಕೇಂದ್ರಕ್ಕೆ ಬರುವ ಸಿಸ್ಟರ್ ಇವರೇ. ಈಗ ಸರ್ಕಾರದಲ್ಲಿ ಆ ಹುದ್ದೆಯ ಹೆಸರು ಪ್ರಾಥಮಿಕ ಆರೋಗ್ಯ ಸುರಕ್ಷಣಾಧಿಕಾರಿ ಎಂದಾಗಿದೆ. ಊರಲ್ಲಿ ಮಾತ್ರ ಇನ್ನೂ ಸಿಸ್ಟರೇ.

ಜಿಎನ್‌ಎಂ, ಅಂದರೆ ಜನರಲ್ ನರ್ಸಿಂಗ್ ಅಂಡ್ ಮಿಡ್‌ವೈಫರಿ, ಡಿಪ್ಲೊಮಾ. ಇಂಟರ್ನ್‌ಶಿಪ್ ಸೇರಿ ಮೂರು ವರ್ಷ. ಹುಡುಗರೂ ಸೇರಬಹುದು. ಬಿಎಸ್ಸಿ ನರ್ಸಿಂಗ್ ನಾಲ್ಕು ವರ್ಷದ ಡಿಗ್ರಿ, ಎಂಟು ಸೆಮಿಸ್ಟರ್. ಈ ಎರಡನ್ನು ಓದಿದವರಿಗೂ ಸಿಗುವ ನೋಂದಣಿ ಒಂದೇ: ರಿಜಿಸ್ಟರ್ಡ್ ನರ್ಸ್ ಮತ್ತು ರಿಜಿಸ್ಟರ್ಡ್ ಮಿಡ್‌ವೈಫ್. ವಾರ್ಡಿನಲ್ಲಿ ಇಬ್ಬರೂ ಒಂದೇ ಡ್ಯೂಟಿ ಮಾಡುತ್ತಾರೆ. ಸರ್ಕಾರಿ ಆಸ್ಪತ್ರೆಯಲ್ಲಿ ಹುದ್ದೆಯ ಹೆಸರು ಶುಶ್ರೂಷಾಧಿಕಾರಿ.

ಇವಲ್ಲದೆ ಆರು ತಿಂಗಳು, ಒಂದು ವರ್ಷದ 'ನರ್ಸಿಂಗ್ ಅಸಿಸ್ಟೆಂಟ್', 'ಪೇಷಂಟ್ ಕೇರ್', 'ಹೋಂ ನರ್ಸ್' ಕೋರ್ಸುಗಳು ಬೇಕಾದಷ್ಟಿವೆ. ಬ್ಯಾನರಿನಲ್ಲಿ ಬಿಳಿ ಯೂನಿಫಾರ್ಮ್ ಹಾಕಿದ ಹುಡುಗಿಯ ಫೋಟೋ ಇರುತ್ತದೆ. ಇವುಗಳಿಂದ ಕೆಲಸ ಸಿಗುವುದೇ ಇಲ್ಲ ಅಂತಲ್ಲ. ವಯಸ್ಸಾದವರನ್ನು ಮನೆಯಲ್ಲಿ ನೋಡಿಕೊಳ್ಳುವವರಿಗೆ ಬೇಡಿಕೆ ಇದೆ. ಆದರೆ ಕೌನ್ಸಿಲ್ ನೋಂದಣಿ ಸಿಗುವುದಿಲ್ಲ. ನೋಂದಣಿ ಇಲ್ಲದವರು ಕಾನೂನಿನ ಕಣ್ಣಲ್ಲಿ ನರ್ಸ್ ಅಲ್ಲ. 'ಇದನ್ನು ಮಾಡಿಕೊಂಡರೆ ಆಮೇಲೆ ಸ್ಟಾಫ್ ನರ್ಸ್ ಆಗಬಹುದು' ಅಂತ ಯಾರಾದರೂ ಹೇಳಿದರೆ ಅಲ್ಲಿಂದ ಎದ್ದು ಬನ್ನಿ.

ಇಂಟರ್‌ನೆಟ್‌ನಲ್ಲಿ ಓದುವಾಗ ಇನ್ನೊಂದು ಗೊಂದಲ ಆಗುತ್ತದೆ. ಅಮೆರಿಕ, ಕೆನಡಾದಲ್ಲಿ ಪ್ರಾಕ್ಟಿಕಲ್ ನರ್ಸ್ ಮತ್ತು ರಿಜಿಸ್ಟರ್ಡ್ ನರ್ಸ್ ಅಂತ ಎರಡು ಲೈಸೆನ್ಸ್ ಇವೆ. ಪ್ರಾಕ್ಟಿಕಲ್ ನರ್ಸ್‌ನ ಓದು ಅಮೆರಿಕದಲ್ಲಿ ಸುಮಾರು ಒಂದು ವರ್ಷದ್ದು. ಅವರು ರಿಜಿಸ್ಟರ್ಡ್ ನರ್ಸ್ ಅಥವಾ ಡಾಕ್ಟರ ಕೈಕೆಳಗೆ ಕೆಲಸ ಮಾಡುತ್ತಾರೆ. ನಮ್ಮಲ್ಲಿ ಆ ಹೆಸರಿನ ಹುದ್ದೆ ಇಲ್ಲ. ಎಎನ್‌ಎಂ ಅಂದರೆ ಅದೇ ಎಂದು ಕೆಲವರು ಬರೆಯುತ್ತಾರೆ. ಅದು ಸರಿಯಲ್ಲ. ಪ್ರಾಕ್ಟಿಕಲ್ ನರ್ಸ್ ಹೆಚ್ಚಾಗಿ ಹಾಸಿಗೆ ಪಕ್ಕದ ಕೆಲಸಕ್ಕೆ ತಯಾರಾದವರು. ನಮ್ಮ ಎಎನ್‌ಎಂ ಊರಿನ ಕೆಲಸಕ್ಕೆ ತಯಾರಾದವರು.

ಹೆಜ್ಜೆ 2: ಎಲ್ಲಿ ಕೆಲಸ ಮಾಡಬೇಕು ಅಂತ ಮೊದಲು ತೀರ್ಮಾನಿಸಿ

ಎಲ್ಲರೂ ಮಾರ್ಕ್ಸ್ ಕಾರ್ಡ್‌ನಿಂದ, ಫೀಸಿನಿಂದ ಶುರು ಮಾಡುತ್ತಾರೆ. ನನ್ನ ಪ್ರಕಾರ ಕೆಲಸದ ಜಾಗದಿಂದ ಶುರು ಮಾಡಬೇಕು. ಊರಿನ ಕೆಲಸ ಬೇಕಾ, ವಾರ್ಡಿನ ಕೆಲಸ ಬೇಕಾ? ಇದು ಗೊತ್ತಾದರೆ ಅರ್ಧ ತೀರ್ಮಾನ ಆದ ಹಾಗೆ.

ಉಪಕೇಂದ್ರದ ಸಿಸ್ಟರ್ ಕೆಲಸ ಹೇಗಿರುತ್ತದೆ ನೋಡಿ. ಬಯಲು ಸೀಮೆಯಲ್ಲಿ 5,000 ಜನಕ್ಕೆ ಒಂದು ಉಪಕೇಂದ್ರ ಅನ್ನುವುದು ಲೆಕ್ಕ. ಬೆಟ್ಟ ಪ್ರದೇಶ, ಗಿರಿಜನ ಪ್ರದೇಶಕ್ಕೆ ಅದು 3,000. ಜನ ಕಡಿಮೆ ಅಂದರೆ ಕೆಲಸ ಕಡಿಮೆ ಅಂದುಕೊಳ್ಳಬೇಡಿ. ಕೊಡಗಿನಲ್ಲಿ ಮನೆಗಳು ಒಂದರ ಪಕ್ಕ ಒಂದಿಲ್ಲ. ತೋಟದೊಳಗೆ ಒಂದು, ಗದ್ದೆ ಆಚೆ ಇನ್ನೊಂದು. ಗಿರಿಜನರ ಹಾಡಿಗೆ ಹೋಗಬೇಕು, ತೋಟದ ಕೂಲಿಯವರ ಲೈನ್ ಮನೆಗೆ ಹೋಗಬೇಕು. ಗರ್ಭಿಣಿಯರ ಪಟ್ಟಿ, ತಾಯಿ ಕಾರ್ಡ್, ರಕ್ತಹೀನತೆ ನೋಡಿ ಕಬ್ಬಿಣದ ಮಾತ್ರೆ, ಅಂಗನವಾಡಿಯಲ್ಲಿ ಲಸಿಕೆ ದಿನ, ಮೂವತ್ತು ದಾಟಿದವರಿಗೆ ಬಿಪಿ, ಶುಗರ್ ಪರೀಕ್ಷೆ. ಮಳೆಗಾಲದಲ್ಲಿ ಜ್ವರದ ಸರ್ವೆ. ಇದೆಲ್ಲ ಆದ ಮೇಲೆ ರಿಜಿಸ್ಟರ್, ಅದಾದ ಮೇಲೆ ಆನ್‌ಲೈನ್ ಎಂಟ್ರಿ. ನೆಟ್‌ವರ್ಕ್ ಇರುವ ಜಾಗ ಹುಡುಕಿಕೊಂಡು ಎಂಟ್ರಿ ಮಾಡಬೇಕು.

ಕಾಫಿ ಕೊಯ್ಲಿನ ಸಮಯದಲ್ಲಿ ತೋಟಕ್ಕೆ ಹೊರಗಿನ ಕೂಲಿಯವರು ಬರುತ್ತಾರೆ. ಅಸ್ಸಾಂ, ಬಂಗಾಳದ ಕಡೆಯವರೂ ಇರುತ್ತಾರೆ. ಅವರ ಮಗುವಿಗೆ ಯಾವ ಲಸಿಕೆ ಆಗಿದೆ, ಯಾವುದು ಬಿಟ್ಟುಹೋಗಿದೆ ಅಂತ ಕಾಗದವಿಲ್ಲದೆ ಕಂಡುಹಿಡಿಯಬೇಕು. ಕನ್ನಡ, ಕೊಡವ ತಕ್ಕ್, ಮಲಯಾಳಂ ಬಂದರೂ ಸಾಲದು, ಮುರುಕು ಹಿಂದಿಯಾದರೂ ಬೇಕು. ತಿತಿಮತಿ, ಸಿದ್ದಾಪುರ ಕಡೆಯಾದರೆ ಹೊರಡುವ ಮೊದಲು ಆನೆ ಎಲ್ಲಿದೆ ಅಂತ ಯಾರನ್ನಾದರೂ ಕೇಳಿಕೊಳ್ಳುವುದೂ ಕೆಲಸದ ಭಾಗವೇ. ತಮಾಷೆಗೆ ಹೇಳುತ್ತಿಲ್ಲ. ಸ್ಕೂಟಿ ಓಡಿಸಲು ಬರದಿದ್ದರೆ ಓದುವ ಎರಡು ವರ್ಷದಲ್ಲಿ ಕಲಿತುಬಿಡಿ.

2018ರ ಭೂಕುಸಿತದಂಥ ಸಮಯದಲ್ಲಿ ಪರಿಹಾರ ಕೇಂದ್ರಗಳಲ್ಲಿ ಯಾವ ಮನೆಯಲ್ಲಿ ಗರ್ಭಿಣಿ ಇದ್ದಾಳೆ, ಯಾರು ಶುಗರ್ ಮಾತ್ರೆ ತಿನ್ನುತ್ತಾರೆ ಅಂತ ಹೇಳಬಲ್ಲವರು ಆಶಾ ಕಾರ್ಯಕರ್ತೆ ಮತ್ತು ಉಪಕೇಂದ್ರದ ಸಿಸ್ಟರ್. ಹಾಗಾಗಿ ಎಎನ್‌ಎಂ ಅಂದರೆ 'ಅರ್ಧ ನರ್ಸ್' ಅನ್ನುವ ಮಾತು ನನಗೆ ಹಿಡಿಸುವುದಿಲ್ಲ. ಅದು ಬೇರೆಯೇ ಕೆಲಸ. ಅದನ್ನು ಇಷ್ಟಪಟ್ಟು ಮಾಡುವವರು ಇಡೀ ಊರಿಗೆ ಬೇಕಾದವರಾಗುತ್ತಾರೆ.

ವಾರ್ಡಿನ ಕೆಲಸಕ್ಕೆ ಬೇರೆ ಮನಸ್ಸು ಬೇಕು. ಮೂರು ಶಿಫ್ಟ್. ಬೆಳಿಗ್ಗೆ ಡ್ಯೂಟಿಗೆ ಬಂದರೆ ಮೊದಲು ಹಿಂದಿನ ಶಿಫ್ಟಿನವರಿಂದ ಹ್ಯಾಂಡ್ ಓವರ್. ಯಾರಿಗೆ ಡ್ರಿಪ್ ನಡೆಯುತ್ತಿದೆ, ಯಾರ ಆಪರೇಷನ್ ಇವತ್ತು, ಯಾರ ಉಸಿರು ರಾತ್ರಿಯಿಂದ ಏರುಪೇರಾಗಿದೆ. ಡಾಕ್ಟರ್ ಬರೆದ ಔಷಧಿಯ ಪ್ರಮಾಣವನ್ನು ತೂಕಕ್ಕೆ ಸರಿಯಾಗಿ ಲೆಕ್ಕ ಹಾಕಬೇಕು. ಮಕ್ಕಳ ವಾರ್ಡಿನಲ್ಲಿ ಒಂದು ಸೊನ್ನೆ ತಪ್ಪಿದರೆ ಏನಾಗುತ್ತದೆ ಅಂತ ಹೇಳಬೇಕಾಗಿಲ್ಲ. ರೌಂಡ್ಸಿಗೆ ಬರುವ ಡಾಕ್ಟರು ರೋಗಿಯ ಹತ್ತಿರ ಸ್ವಲ್ಪ ಹೊತ್ತು ನಿಲ್ಲುತ್ತಾರೆ. ಉಳಿದ ಹೊತ್ತಿನಲ್ಲಿ ರೋಗಿ ಕೈತಪ್ಪುತ್ತಿದ್ದಾನೆ ಅಂತ ಮೊದಲು ಗುರುತಿಸಬೇಕಾದವರು ನೀವು. ಈ ಜವಾಬ್ದಾರಿ ಕೇಳಿ ಹೆದರಿಕೆಯ ಜೊತೆಗೆ ಸ್ವಲ್ಪ ಉತ್ಸಾಹವೂ ಬಂದರೆ ಜಿಎನ್‌ಎಂ ಅಥವಾ ಬಿಎಸ್ಸಿ ನಿಮ್ಮ ದಾರಿ.

ಹುತ್ತರಿಗೆ, ಕೈಲ್‌ಪೊಳ್ದ್‌ಗೆ ಮನೆಯಲ್ಲಿ ಇರಲೇಬೇಕು ಅನ್ನುವವರು ಇದನ್ನೂ ಯೋಚಿಸಿ. ಆಸ್ಪತ್ರೆಗೆ ಹಬ್ಬವಿಲ್ಲ. ಊರಲ್ಲಿ ಕದಿರು ತೆಗೆಯುವ ಹೊತ್ತಿಗೆ ನಿಮಗೆ ನೈಟ್ ಡ್ಯೂಟಿ ಬಿದ್ದಿರಬಹುದು.

ತೀರ್ಮಾನ ಆಗದಿದ್ದರೆ ಒಂದು ಸುಲಭ ಉಪಾಯ. ನಿಮ್ಮ ಊರಿನ ಉಪಕೇಂದ್ರದ ಸಿಸ್ಟರ್ ಹತ್ತಿರ ಲಸಿಕೆ ದಿನ ಹೋಗಿ ಕೂತುಬನ್ನಿ. ಇನ್ನೊಂದು ದಿನ ಮಡಿಕೇರಿಯ ಜಿಲ್ಲಾ ಆಸ್ಪತ್ರೆಯಲ್ಲೋ ವಿರಾಜಪೇಟೆ, ಸೋಮವಾರಪೇಟೆಯ ಆಸ್ಪತ್ರೆಯಲ್ಲೋ ಕೆಲಸ ಮಾಡುವ ಪರಿಚಯದ ನರ್ಸ್ ಯಾರಾದರೂ ಇದ್ದರೆ ಅವರ ಜೊತೆ ಮಾತಾಡಿ. ಕೊಡಗಿನಲ್ಲಿ ಅಂಥವರೊಬ್ಬರು ನೆಂಟರಲ್ಲೇ ಸಿಗುತ್ತಾರೆ. 'ಕೆಲಸ ಹೇಗಿದೆ ಆಂಟಿ?' ಅಂತ ಕೇಳಿದರೆ 'ಪರವಾಗಿಲ್ಲ' ಅಂತಾರೆ. ಅದರ ಬದಲು 'ನಿನ್ನೆ ಡ್ಯೂಟಿಯಲ್ಲಿ ಏನೇನಾಯ್ತು?' ಅಂತ ಕೇಳಿ.

ಹೆಜ್ಜೆ 3: ಪಿಯುಸಿ ಕಾಂಬಿನೇಷನ್, ಮಾರ್ಕ್ಸ್

ಇಲ್ಲಿ ಹೆಚ್ಚು ಯೋಚಿಸುವುದೇನಿಲ್ಲ. ಬಿಎಸ್ಸಿ ನರ್ಸಿಂಗ್‌ಗೆ ಫಿಸಿಕ್ಸ್, ಕೆಮಿಸ್ಟ್ರಿ, ಬಯಾಲಜಿ ಮತ್ತು ಇಂಗ್ಲಿಷ್ ಬೇಕು. ಸಾಮಾನ್ಯ ವರ್ಗಕ್ಕೆ 45%, ಪರಿಶಿಷ್ಟ ಜಾತಿ, ಪಂಗಡದವರಿಗೆ 40%. ಸರ್ಕಾರಿ ಸೀಟು ಸಿಗುವುದು ಸಿಇಟಿ ಮೂಲಕ, ಹಂಚುವುದು ಕರ್ನಾಟಕ ಪರೀಕ್ಷಾ ಪ್ರಾಧಿಕಾರ (ಕೆಇಎ). ನರ್ಸಿಂಗ್‌ಗೆ ಸಿಇಟಿ ಯಾಕೆ ಅಂತ ಅರ್ಜಿಯನ್ನೇ ಹಾಕದೆ ಇರುವವರು ಜಾಸ್ತಿ. ಸೈನ್ಸ್ ಓದುತ್ತಿದ್ದರೆ ಸುಮ್ನೆ ಒಂದು ಅರ್ಜಿ ಹಾಕಿಡಿ, ನಷ್ಟವಿಲ್ಲ.

ಆರ್ಟ್ಸ್, ಕಾಮರ್ಸ್ ಓದಿದವರಿಗೆ ಬಿಎಸ್ಸಿ ಬಾಗಿಲು ನೇರವಾಗಿ ತೆರೆಯುವುದಿಲ್ಲ. ಅವರಿಗೆ ಜಿಎನ್‌ಎಂ ಇದೆ. ಇಂಗ್ಲಿಷ್ ಸೇರಿ 40% ಇರಬೇಕು. ಎಎನ್‌ಎಂ ಮತ್ತು ಜಿಎನ್‌ಎಂ ಎರಡಕ್ಕೂ ವಯಸ್ಸು 17ರಿಂದ 35ರ ಒಳಗೆ. ಮದುವೆಯಾಗಿ, ಮಗು ಸ್ವಲ್ಪ ದೊಡ್ಡದಾದ ಮೇಲೆ ಓದಬೇಕು ಅನ್ನುವವರಿಗೂ ಇದರಲ್ಲಿ ಅವಕಾಶ ಇದೆ.

ಹೆಜ್ಜೆ 4: ವರ್ಷಗಳನ್ನು ಕೂಡಿಸಿ ನೋಡಿ

'ಮೊದಲು ಎಎನ್‌ಎಂ ಮಾಡಿಕೊಳ್ಳಲಿ, ಆಮೇಲೆ ಮೇಲಕ್ಕೆ ಓದಿದರಾಯ್ತು.' ಈ ಮಾತನ್ನು ಮನೆಯ ಹಿರಿಯರು ಒಳ್ಳೆ ಮನಸ್ಸಿನಿಂದಲೇ ಹೇಳುತ್ತಾರೆ. ಲೆಕ್ಕ ಹಾಕಿದರೆ ಬೇರೆಯೇ ಕಾಣುತ್ತದೆ.

ಎಎನ್‌ಎಂ 2 ವರ್ಷ. ಅದರ ಮೇಲೆ ಜಿಎನ್‌ಎಂ 3. ಅದರ ಮೇಲೆ ಪೋಸ್ಟ್ ಬೇಸಿಕ್ ಬಿಎಸ್ಸಿ (ಜಿಎನ್‌ಎಂ ಮುಗಿಸಿದವರಿಗಿರುವ ಡಿಗ್ರಿ) 2. ಒಟ್ಟು 7 ವರ್ಷ. ಎಎನ್‌ಎಂ ಓದಿದ್ದಕ್ಕೆ ಜಿಎನ್‌ಎಂನಲ್ಲಿ ವರ್ಷದ ರಿಯಾಯಿತಿ ಇಲ್ಲ, ಸೇರಲು ಅರ್ಹತೆ ಮಾತ್ರ ಸಿಗುತ್ತದೆ. ಜಿಎನ್‌ಎಂನಿಂದ ಶುರು ಮಾಡಿದರೆ 3 ಮತ್ತು 2, ಅಂದರೆ 5. ನೇರ ಬಿಎಸ್ಸಿ 4. ನಡುನಡುವೆ ಕೆಲಸ ಮಾಡಿ ದುಡಿಯಬಹುದು, ನಿಜ. ಆದರೆ ಕೆಲಸಕ್ಕೆ ಸೇರಿ, ಮದುವೆಯಾಗಿ, ಮನೆ ಜವಾಬ್ದಾರಿ ಬಂದ ಮೇಲೆ ಮತ್ತೆ ಹಾಸ್ಟೆಲ್‌ಗೆ ಹೋಗಿ ಓದುವವರು ಎಷ್ಟು ಜನ? ನಿಮ್ಮ ಸುತ್ತಮುತ್ತಲೇ ನೋಡಿ.

ಹಾಗಾಗಿ ನನ್ನ ಸಲಹೆ ನೇರವಾಗಿದೆ. ಸೈನ್ಸ್ ಓದಿದ್ದು, 45% ಇದ್ದು, ಆಸ್ಪತ್ರೆಯಲ್ಲೇ ಕೆಲಸ ಬೇಕು ಅನ್ನುವವರು ಸಾಲ ಮಾಡಿಯಾದರೂ ಬಿಎಸ್ಸಿಗೆ ಹೋಗಿ. ಆರ್ಟ್ಸ್, ಕಾಮರ್ಸ್ ಆಗಿದ್ದರೆ ಜಿಎನ್‌ಎಂ. ಊರಿನ ಕೆಲಸವೇ ಬೇಕು ಅನ್ನುವವರು ಮಾತ್ರ ಎಎನ್‌ಎಂ ಮಾಡಿ. ಅದನ್ನು ಮೆಟ್ಟಿಲು ಅಂತ ಮಾಡಬೇಡಿ.

ಎಎನ್‌ಎಂಗೆ ಹೋಗುವವರು ಇನ್ನೊಂದು ವಿಷಯ ತಿಳಿದಿರಬೇಕು. ಅವರ ಮುಖ್ಯ ಕೆಲಸ ಸರ್ಕಾರದಲ್ಲಿದೆ. ನೇಮಕಾತಿ ಪ್ರತಿವರ್ಷ ಕರೆಯುವುದಿಲ್ಲ. ನಡುವಿನ ಕಾಲದಲ್ಲಿ ರಾಷ್ಟ್ರೀಯ ಆರೋಗ್ಯ ಅಭಿಯಾನದ ಗುತ್ತಿಗೆ ಕೆಲಸ, ಇಲ್ಲವೇ ಖಾಸಗಿ ಆಸ್ಪತ್ರೆಯಲ್ಲಿ ಕಡಿಮೆ ಸಂಬಳದ ಕೆಲಸ. ಇದಕ್ಕೆ ತಯಾರಿರಬೇಕು.

ಜಿಎನ್‌ಎಂಗೂ ಬಿಎಸ್ಸಿಗೂ ಡ್ಯೂಟಿ ಒಂದೇ ಅಂದೆ. ಹಾಗಾದರೆ ಒಂದು ವರ್ಷ ಜಾಸ್ತಿ ಯಾಕೆ? ಎರಡು ಉದಾಹರಣೆ ಸಾಕು. ಏಮ್ಸ್ ಆಸ್ಪತ್ರೆಗಳ ನಾರ್ಸೆಟ್ ಪರೀಕ್ಷೆಗೆ ಬಿಎಸ್ಸಿ ಮುಗಿಸಿ ನೋಂದಣಿ ಮಾಡಿಸಿದವರು ಅನುಭವ ಇಲ್ಲದೆಯೂ ಕೂರಬಹುದು. ಜಿಎನ್‌ಎಂ ಆದರೆ ಕನಿಷ್ಠ 50 ಹಾಸಿಗೆಯ ಆಸ್ಪತ್ರೆಯಲ್ಲಿ 2 ವರ್ಷದ ಅನುಭವ ಬೇಕು. ಇನ್ನೊಂದು, ನರ್ಸಿಂಗ್ ಕಾಲೇಜಿನಲ್ಲಿ ಪಾಠ ಮಾಡಬೇಕು, ಎಂಎಸ್ಸಿ ಮಾಡಬೇಕು ಅಂದರೆ ಡಿಗ್ರಿ ಇಲ್ಲದೆ ಆಗುವುದಿಲ್ಲ. ಊರಿನ ಆರೋಗ್ಯ ಕೇಂದ್ರಗಳಲ್ಲಿ ಈಗಿರುವ ಸಮುದಾಯ ಆರೋಗ್ಯಾಧಿಕಾರಿ ಹುದ್ದೆಗೂ ಬಿಎಸ್ಸಿಯವರಿಗೆ ದಾರಿ ಸಲೀಸು. ಊರಿನ ಕೆಲಸವೂ ಬೇಕು, ಡಿಗ್ರಿಯೂ ಬೇಕು ಅನ್ನುವವರು ಇದನ್ನು ಗಮನಿಸಿ.

ಸೈನ್ಯದವರ ಜಿಲ್ಲೆ ನಮ್ಮದು. ಆದರೂ ಮಿಲಿಟರಿ ನರ್ಸಿಂಗ್ ಸರ್ವಿಸ್ ಬಗ್ಗೆ ಕೇಳುವ ಹೆಣ್ಣುಮಕ್ಕಳು ಕಡಿಮೆ ಅನ್ನುವುದು ನನಗೆ ಆಶ್ಚರ್ಯ. ಸೈನ್ಯದ ನರ್ಸಿಂಗ್ ಕಾಲೇಜುಗಳಲ್ಲಿ ನಾಲ್ಕು ವರ್ಷದ ಬಿಎಸ್ಸಿ ಮುಗಿಸಿದರೆ ಲೆಫ್ಟಿನೆಂಟ್ ಆಗಿ ಸೇರುತ್ತಾರೆ. ಬೆಂಗಳೂರಿನ ಕಮಾಂಡ್ ಆಸ್ಪತ್ರೆಯಲ್ಲೂ ಅಂಥ ಕಾಲೇಜಿದೆ. ಅದಕ್ಕೆ ನೀಟ್ ಬರೆದಿರಬೇಕು. ಸಿಇಟಿ ಸಾಲದು.

ಹೆಜ್ಜೆ 5: ಹೊರದೇಶದ ಆಸೆ ಇದ್ದರೆ ಈಗಲೇ ಹೇಳಿ

ಹೊರದೇಶಕ್ಕೆ ಹೋಗುವ ಯೋಚನೆ ಸ್ವಲ್ಪ ಇದ್ದರೂ ಎಎನ್‌ಎಂ ಬೇಡ. ಗಲ್ಫ್ ದೇಶಗಳು, ಬ್ರಿಟನ್, ಅಮೆರಿಕ, ಎಲ್ಲ ಕಡೆ ಮೊದಲು ಕೇಳುವುದು ರಿಜಿಸ್ಟರ್ಡ್ ನರ್ಸ್ ನೋಂದಣಿ. ಗಲ್ಫ್‌ನಲ್ಲಿ ಸಾಮಾನ್ಯವಾಗಿ ಎರಡು ವರ್ಷದ ಆಸ್ಪತ್ರೆ ಅನುಭವವನ್ನೂ ಕೇಳುತ್ತಾರೆ. ಅದರ ಮೇಲೆ ಸರ್ಟಿಫಿಕೇಟ್ ಪರಿಶೀಲನೆ, ಪ್ರೊಮೆಟ್ರಿಕ್ ಎಂಬ ಕಂಪ್ಯೂಟರ್ ಲೈಸೆನ್ಸ್ ಪರೀಕ್ಷೆ. ಬ್ರಿಟನ್‌ಗೆ ಐಇಎಲ್‌ಟಿಎಸ್ ಅಥವಾ ಒಇಟಿ ಎಂಬ ಇಂಗ್ಲಿಷ್ ಪರೀಕ್ಷೆ ಪಾಸಾಗಬೇಕು, ಆಮೇಲೆ ಕಂಪ್ಯೂಟರ್ ಪರೀಕ್ಷೆ, ಅಲ್ಲಿ ಹೋದ ಮೇಲೆ ಪ್ರಾಯೋಗಿಕ ಪರೀಕ್ಷೆ. ಜರ್ಮನಿಗೆ ಜರ್ಮನ್ ಭಾಷೆ ಬಿ2 ಹಂತದವರೆಗೆ ಕಲಿಯಬೇಕು.

ಅಮೆರಿಕದಲ್ಲಿ ರಿಜಿಸ್ಟರ್ಡ್ ನರ್ಸ್ ಪರೀಕ್ಷೆ ಎನ್‌ಕ್ಲೆಕ್ಸ್ ಆರ್‌ಎನ್, ಪ್ರಾಕ್ಟಿಕಲ್ ನರ್ಸ್‌ನದ್ದು ಎನ್‌ಕ್ಲೆಕ್ಸ್ ಪಿಎನ್. ಎರಡೂ ಬೇರೆ. 'ಎನ್‌ಕ್ಲೆಕ್ಸ್ ಕೋಚಿಂಗ್' ಅಂತ ಬೋರ್ಡ್ ಕಂಡರೆ ಯಾವುದಕ್ಕೆ ಅಂತ ಕೇಳಿ. ಪ್ರಾಕ್ಟಿಕಲ್ ನರ್ಸ್ ಆಗಿ ಹೋದವರು ಅಲ್ಲಿ ಆರ್‌ಎನ್ ಆಗಬೇಕಾದರೆ ಮತ್ತೆ ಓದಬೇಕು. ಇಲ್ಲಿಯೇ ಬಿಎಸ್ಸಿ ಮುಗಿಸಿ ಆರ್‌ಎನ್ ಪರೀಕ್ಷೆಗೆ ತಯಾರಾಗುವುದು ಹೆಚ್ಚಿನವರಿಗೆ ಅಗ್ಗದ ದಾರಿ. ಪರೀಕ್ಷಾ ಕೇಂದ್ರ ಬೆಂಗಳೂರಿನಲ್ಲೂ ಇದೆ.

ಏಜೆಂಟರ ಬಗ್ಗೆ ಒಂದು ಮಾತು. ಸೌದಿ, ಕುವೈತ್‌ನಂಥ ದೇಶಗಳಿಗೆ ನರ್ಸ್‌ಗಳ ನೇಮಕಾತಿ 2015ರಿಂದ ಸರ್ಕಾರ ಒಪ್ಪಿದ ಸಂಸ್ಥೆಗಳ ಮೂಲಕವೇ ಆಗಬೇಕು. ಯಾರೇ ಬಂದರೂ ಕೇಂದ್ರ ಸರ್ಕಾರದ ಇ-ಮೈಗ್ರೇಟ್ ಪೋರ್ಟಲ್‌ನಲ್ಲಿ ಹೆಸರಿದೆಯಾ ನೋಡಿ, ಆಮೇಲೆ ಮಾತಾಡಿ.

ಹೆಜ್ಜೆ 6: ದುಡ್ಡು

ಫೀಸ್ ಎಷ್ಟು ಅಂತ ಕೇಳುವಾಗ ಒಂದು ವರ್ಷದ್ದು ಕೇಳಬೇಡಿ. ಇಡೀ ಕೋರ್ಸಿನದ್ದು ಕೇಳಿ, ಬರೆದುಕೊಡಿ ಅನ್ನಿ. ಹಾಸ್ಟೆಲ್, ಮೆಸ್, ಯೂನಿಫಾರ್ಮ್, ಪುಸ್ತಕ, ಪರೀಕ್ಷೆ ಶುಲ್ಕ, ಕ್ಲಿನಿಕಲ್ ಪೋಸ್ಟಿಂಗ್‌ಗೆ ಹೋಗಿಬರುವ ಬಸ್ಸು, ಎಲ್ಲ ಸೇರಿಸಿ. ಮೈಸೂರು, ಮಂಗಳೂರು, ಹಾಸನದಲ್ಲಿ ಓದುವವರಿಗೆ ಫೀಸಿಗಿಂತ ಈ ಚಿಲ್ಲರೆ ಖರ್ಚುಗಳೇ ಸುಸ್ತು ಮಾಡುತ್ತವೆ. ಬೆಳೆ ಮಾರಿದ ದುಡ್ಡು ಕೈಗೆ ಬರುವ ತಿಂಗಳಿಗೆ ಕಂತು ಹೊಂದಿಸಿಕೊಡುತ್ತೀರಾ ಅಂತ ಕೇಳುವುದರಲ್ಲಿ ನಾಚಿಕೆ ಬೇಡ. ಕೆಲವು ಕಡೆ ಒಪ್ಪುತ್ತಾರೆ.

ಶಿಕ್ಷಣ ಸಾಲ 4 ಲಕ್ಷದವರೆಗೆ ಅಡಮಾನ ಇಲ್ಲದೆ ಸಿಗುತ್ತದೆ. ಸರ್ಕಾರದ ಖಾತರಿ ಯೋಜನೆಯಡಿ 7.5 ಲಕ್ಷದವರೆಗೂ ಅಡಮಾನ ಕೇಳುವ ಹಾಗಿಲ್ಲ. 'ತೋಟದ ಆರ್‌ಟಿಸಿ ತನ್ನಿ' ಅಂತ ಬ್ಯಾಂಕಿನವರು ಮೊದಲೇ ಕೇಳಿದರೆ ಇದನ್ನು ನೆನಪಿಸಿ. ವಿದ್ಯಾಲಕ್ಷ್ಮಿ ಪೋರ್ಟಲ್‌ನಲ್ಲಿ ಅರ್ಜಿ ಹಾಕಿದರೆ ದಾಖಲೆ ಉಳಿಯುತ್ತದೆ. ವಿದ್ಯಾರ್ಥಿವೇತನಕ್ಕೆ ರಾಜ್ಯದ ಎಸ್‌ಎಸ್‌ಪಿ ಪೋರ್ಟಲ್ ನೋಡಿ. ಅಲ್ಪಸಂಖ್ಯಾತ ಮತ್ತು ಹಿಂದುಳಿದ ವರ್ಗಗಳ ನಿಗಮಗಳಲ್ಲಿ ಅರಿವು ಸಾಲವೂ ಇದೆ.

ಹೆಜ್ಜೆ 7: ಕಾಲೇಜಿಗೆ ಹೋಗಿ ನೋಡಿ

ಫೋನಿನಲ್ಲಿ, ವಾಟ್ಸಾಪ್ ಫೋಟೋದಲ್ಲಿ ನೋಡಿ ಸೇರಬೇಡಿ. ಮೂರು ಹೆಸರು ಕೇಳಿ. ಬಿಎಸ್ಸಿ ಆದರೆ ರಾಜೀವ್ ಗಾಂಧಿ ಆರೋಗ್ಯ ವಿಶ್ವವಿದ್ಯಾಲಯದ ಸಂಯೋಜನೆ ಇದೆಯಾ? ಡಿಪ್ಲೊಮಾ ಆದರೆ ರಾಜ್ಯ ಡಿಪ್ಲೊಮಾ ನರ್ಸಿಂಗ್ ಪರೀಕ್ಷಾ ಮಂಡಳಿಯ ಪಟ್ಟಿಯಲ್ಲಿದೆಯಾ? ಕರ್ನಾಟಕ ರಾಜ್ಯ ನರ್ಸಿಂಗ್ ಕೌನ್ಸಿಲ್ ಮಾನ್ಯತೆ ಇದೆಯಾ? ಹೊರರಾಜ್ಯ, ಹೊರದೇಶದ ಯೋಚನೆ ಇದ್ದವರು ಭಾರತೀಯ ನರ್ಸಿಂಗ್ ಕೌನ್ಸಿಲ್ ಪಟ್ಟಿಯನ್ನೂ ನೋಡಬೇಕು. 2023ರಲ್ಲಿ ರಾಷ್ಟ್ರೀಯ ನರ್ಸಿಂಗ್ ಮತ್ತು ಮಿಡ್‌ವೈಫರಿ ಆಯೋಗದ ಕಾಯಿದೆ ಬಂದಿದೆ. ಹಳೆಯ ಕೌನ್ಸಿಲ್ ಜಾಗಕ್ಕೆ ಆಯೋಗ ಬರುವ ವ್ಯವಸ್ಥೆ ಅದರಲ್ಲಿದೆ. ಹಾಗಾಗಿ ಪಟ್ಟಿ ಎಲ್ಲಿದೆ ಅಂತ ಆ ವರ್ಷದ್ದನ್ನೇ ನೋಡಿ. ಹಳೆ ಪ್ರಿಂಟೌಟ್ ತೋರಿಸಿದರೆ ಒಪ್ಪಬೇಡಿ.

ಕಟ್ಟಡಕ್ಕಿಂತ ಮುಖ್ಯವಾದದ್ದು ಆಸ್ಪತ್ರೆ. ಕಾಲೇಜಿನ ಜೊತೆಗಿರುವ ಆಸ್ಪತ್ರೆಯಲ್ಲಿ ನಿಜವಾಗಿ ರೋಗಿಗಳಿದ್ದಾರಾ? ಹೆರಿಗೆ ವಾರ್ಡ್ ತುಂಬಿದೆಯಾ? ಮಡಿಕೇರಿಯಲ್ಲಿ 2016ರಲ್ಲಿ ಶುರುವಾದ ಸರ್ಕಾರಿ ಮೆಡಿಕಲ್ ಕಾಲೇಜಿನ ಜೊತೆಗಿರುವ ಜಿಲ್ಲಾ ಆಸ್ಪತ್ರೆಯಂಥ ಕಡೆ ಬೆಳಿಗ್ಗೆ ಒಪಿಡಿ ಸಾಲು ಹೇಗಿರುತ್ತದೆ ಗೊತ್ತಲ್ಲ? ಖಾಲಿ ಮಂಚಗಳ ಆಸ್ಪತ್ರೆಯಲ್ಲಿ ನರ್ಸಿಂಗ್ ಕಲಿಯಲು ಆಗುವುದಿಲ್ಲ. ಕೊನೆ ವರ್ಷದ ಒಬ್ಬ ಸೀನಿಯರ್ ಸಿಕ್ಕಿದರೆ ಅವರ ಲಾಗ್ ಬುಕ್ ತೋರಿಸಿ ಅನ್ನಿ. ಎಷ್ಟು ಹೆರಿಗೆ ತಾವೇ ಮಾಡಿಸಿದ್ದಾರೆ, ಎಷ್ಟು ಬರೀ ನೋಡಿದ್ದಾರೆ ಅಂತ ಕೇಳಿ.

ಹೆಜ್ಜೆ 8: ಕಾಗದ ಪತ್ರ

ಜಾತಿ, ಆದಾಯ ಪ್ರಮಾಣಪತ್ರವನ್ನು ನಾಡಕಚೇರಿಯಿಂದ ಮಳೆ ಜೋರಾಗುವ ಮುಂಚೆಯೇ ಮಾಡಿಸಿ. ಜೂನ್, ಜುಲೈನಲ್ಲಿ ಕರೆಂಟು, ಸರ್ವರ್ ಎರಡೂ ನಮ್ಮ ಕೈಯಲ್ಲಿರುವುದಿಲ್ಲ. ಕೆಇಎ ಸೀಟಿಗೆ ಕರ್ನಾಟಕದಲ್ಲಿ ಏಳು ವರ್ಷ ಓದಿದ ಪ್ರಮಾಣಪತ್ರ ಬೇಕು, ಅದಕ್ಕೆ ಕ್ಷೇತ್ರ ಶಿಕ್ಷಣಾಧಿಕಾರಿ (ಬಿಇಒ) ಸಹಿ. ಗಡಿಯ ಕಡೆಯವರು, ಕೆಲವು ವರ್ಷ ಕೇರಳದ ಶಾಲೆಯಲ್ಲಿ ಓದಿದವರು ಇದನ್ನು ಮೊದಲು ಲೆಕ್ಕ ಹಾಕಿಕೊಳ್ಳಿ. ಒಂದರಿಂದ ಹತ್ತರವರೆಗೆ ಹಳ್ಳಿಯಲ್ಲೇ ಓದಿದ್ದರೆ ಗ್ರಾಮೀಣ ಮೀಸಲಾತಿ, ಕನ್ನಡದಲ್ಲಿ ಓದಿದ್ದರೆ ಕನ್ನಡ ಮಾಧ್ಯಮ ಮೀಸಲಾತಿ. ನಮ್ಮ ಮಕ್ಕಳಲ್ಲಿ ಇವೆರಡಕ್ಕೂ ಅರ್ಹತೆ ಇದ್ದು ಕ್ಲೇಮ್ ಮಾಡದೆ ಬಿಡುವವರಿದ್ದಾರೆ.

ಸೀಟು ಖಚಿತವಾದ ದಿನವೇ ಹೆಪಟೈಟಿಸ್ ಬಿ ಲಸಿಕೆಯ ಮೊದಲ ಡೋಸ್ ಹಾಕಿಸಿಕೊಳ್ಳಿ. ಎರಡನೆಯದು ಒಂದು ತಿಂಗಳಿಗೆ, ಮೂರನೆಯದು ಆರು ತಿಂಗಳಿಗೆ. ವಾರ್ಡಿಗೆ ಕಾಲಿಟ್ಟು ಸೂಜಿ ಹಿಡಿಯುವ ಹೊತ್ತಿಗೆ ಎರಡು ಡೋಸಾದರೂ ಆಗಿರಲಿ.